ಬೆಕ್ಕು ಕೆರೆದುಕೊಂಡರೆ ಎಣ್ಣೆ ಬಾಟಲಿಗೆ ಕೈ ಹಾಕಬೇಡಿ

ಬೆಕ್ಕಿನ ಮೈಮೇಲೆ ಎರಡು ಕಡೆ ಕೂದಲು ಉದುರಿದರೆ ಸಾಕು, ಈಗಿನವರು ಕೈಗೆ ಸಿಕ್ಕಿದ್ದನ್ನು ತಂದು ಬಳಿದುಬಿಡುತ್ತಾರೆ. ಕರ್ಪೂರ ಹಾಕಿದ ಕೊಬ್ಬರಿ ಎಣ್ಣೆಯಂತೆ, ಬೇವಿನೆಣ್ಣೆಯಂತೆ, ಫಿನಾಯಿಲು ನೀರಂತೆ. ಬಳಿದದ್ದು ಬೆಕ್ಕಿನ ಮೈಮೇಲೆ ಉಳಿಯುತ್ತದೆಯೇ? ಗಳಿಗೆಯೊಳಗೆ ನೆಕ್ಕಿ ಹೊಟ್ಟೆಗೆ ಇಳಿಸಿರುತ್ತದೆ. ಫಿನಾಯಿಲಿನಂಥದ್ದನ್ನು ಕರಗಿಸಿ ಹೊರಹಾಕುವ ತ್ರಾಣ ಅದರ ಪಿತ್ತಜನಕಾಂಗಕ್ಕೆ ಇಲ್ಲ. ನಾಯಿಗೆ ತಂದ ಚಿಗಟದ ಹನಿಮದ್ದನ್ನು ಹಾಕುವುದಂತೂ ಇನ್ನೂ ಕೆಟ್ಟದ್ದು. ಅದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದರೆ ಬೆಕ್ಕಿಗೆ ನಡುಕ ಹತ್ತಿ, ಸೆಳವು ಬಂದು, ಜೀವವೇ ಹೋಗಬಹುದು. ‘ಅರ್ಧ ಹನಿ ತಾನೇ ಹಾಕಿದ್ದು’ ಅನ್ನುವ ಮಾತೇ ಬೇಡ.

ಮದ್ದಿನ ಮಾತು ಆಮೇಲೆ, ಮೊದಲು ಯಾವುದರ ಕಾಟ ಅಂತ ನೋಡಿ. ಅದಕ್ಕೆ ಹೇನು ತೆಗೆಯುವ ಸೀರಣಿಗೆ, ಹಳೆಯ ಬಿಳಿ ಪಂಚೆಯ ತುಂಡು ಸಾಕು. ಸೀರಣಿಗೆಯ ಹಲ್ಲು ಒಂದೂ ಬಾಗಿರಬಾರದು, ಬಾಗಿದ್ದರೆ ಕೂದಲು ಕಿತ್ತು ಬರುತ್ತದೆ, ಆಮೇಲೆ ಬೆಕ್ಕು ನಿಮ್ಮ ಹತ್ತಿರ ಸುಳಿಯುವುದಿಲ್ಲ. ಬಟ್ಟೆ ಅಚ್ಚ ಬಿಳಿಯೇ ಇರಲಿ, ಹೂವಿನ ಚಿತ್ತಾರದ್ದು ಪ್ರಯೋಜನವಿಲ್ಲ. ನೆನೆಸಿ, ಒಂದು ತೊಟ್ಟೂ ಇಳಿಯದ ಹಾಗೆ ಹಿಂಡಿ ಹಾಸಿ. ಬೆಕ್ಕು ಊಟ ಮುಗಿಸಿ ತೂಕಡಿಸುವ ಹೊತ್ತು ನೋಡಿ ಕಿಟಕಿಯ ಬೆಳಕಿಗೆ ಕೂತುಕೊಳ್ಳಿ. ಬೆನ್ನಿನಿಂದ ಬಾಲದ ಬುಡದವರೆಗೆ, ಕೂದಲು ಮಲಗಿದ ದಿಕ್ಕಿಗೇ, ಚರ್ಮಕ್ಕೆ ತಾಗುವಂತೆ ನಿಧಾನ ಎಳೆಯಿರಿ. ಕುತ್ತಿಗೆಯ ಸುತ್ತ, ಗದ್ದದ ಕೆಳಗೂ ಬಿಡಬೇಡಿ. ಸೀರಣಿಗೆಯಲ್ಲಿ ಬಂದ ಕರಿ ಕಾಳನ್ನು ಒದ್ದೆ ಬಟ್ಟೆಯ ಮೇಲೆ ಉದುರಿಸಿ, ಬೆರಳಿನಿಂದ ಮೆಲ್ಲಗೆ ಒತ್ತಿ, ಎರಡು ನಿಮಿಷ ಕಾಯಿರಿ. ಅವಸರ ಮಾಡಿದವರಿಗೆ ಏನೂ ಕಾಣುವುದಿಲ್ಲ. ಕಾಳಿನ ಸುತ್ತ ತುಕ್ಕಿನಂಥ ಕೆಂಪು ಹರಡಿತೋ, ಅದು ಚಿಗಟದ ಹಿಕ್ಕೆ, ಬೆಕ್ಕಿನದೇ ರಕ್ತ. ಹರಡದಿದ್ದರೆ ಬರೀ ಮಣ್ಣು. ಪಕ್ಕದಲ್ಲಿ ಒಂದು ಬಟ್ಟಲು ಸೋಪಿನ ನೀರು ಇರಲಿ, ಸಿಕ್ಕ ಚಿಗಟವನ್ನು ಅದರಲ್ಲಿ ಅದ್ದಿ. ಬರೀ ನೀರಾದರೆ ತೇಲಿ ಹತ್ತಿ ಬರುತ್ತದೆ, ಸೋಪಿದ್ದರೆ ಮುಳುಗುತ್ತದೆ. ತುಂಬಾ ನೆಕ್ಕಿಕೊಳ್ಳುವ ಬೆಕ್ಕು ಚಿಗಟವನ್ನೂ ನುಂಗಿಬಿಟ್ಟಿರುತ್ತದೆ, ಹಾಗಾಗಿ ಬೆನ್ನ ಮೇಲೆ ರಾಗಿ ಕಾಳಿನಂತೆ ಸಣ್ಣ ಸಣ್ಣ ಹಕ್ಕಳೆ ಕೈಗೆ ಸಿಕ್ಕರೂ ಚಿಗಟವೆಂದೇ ಎಣಿಸಿ. ಬಾಲದ ಕೆಳಗೆ ಅಕ್ಕಿ ಕಾಳಿನಂಥದ್ದು ಅಂಟಿದ್ದರೆ ಅದು ಲಾಡಿಹುಳುವಿನ ತುಂಡು, ಹೆಚ್ಚಾಗಿ ನುಂಗಿದ ಚಿಗಟದಿಂದ ಬರುವಂಥದ್ದು. ಜಂತುಹುಳದ ಮಾತ್ರೆಯನ್ನೂ ಕೇಳಿ ತನ್ನಿ.

ಹನಿಮದ್ದು ಬೆಕ್ಕಿನದೇ ಆಗಿರಲಿ, ತೂಕ ಹೇಳಿ ಪಶುವೈದ್ಯರಿಂದಲೇ ತನ್ನಿ. ನಾಲಿಗೆ ಎಟುಕದ ಜಾಗ, ಅಂದರೆ ತಲೆಯ ಹಿಂದೆ ಕುತ್ತಿಗೆಯ ಬುಡದಲ್ಲಿ, ಕೂದಲು ಬಿಡಿಸಿ ಚರ್ಮ ಕಂಡ ಮೇಲೆ ಹಾಕಿ. ಕೂದಲ ಮೇಲೆ ಸುರಿದರೆ ದುಡ್ಡು ದಂಡ. ಎಂಟು ವಾರ ತುಂಬದ ಮರಿಗೆ ಸೀರಣಿಗೆ ಮಾತ್ರ. ಒಂದು ಸಲ ಹಾಕಿ ‘ಮತ್ತೆ ಬಂತು’ ಅಂತ ಗೊಣಗುವವರು ಬಹಳ. ಮೈಮೇಲಿನ ಚಿಗಟ ಕೊಂಚ, ಮೊಟ್ಟೆ ಮರಿಗಳೆಲ್ಲ ಹಾಸಿಗೆಯಲ್ಲಿ, ನೆಲದ ಸಂದಿಯಲ್ಲಿ ಇರುತ್ತವೆ. ಮರಿಗಳು ತಾವೇ ನೇಯ್ದುಕೊಂಡ ಗೂಡಿನೊಳಗೆ ತಿಂಗಳುಗಟ್ಟಲೆ ಕಾದು ಕೂರುತ್ತವೆ. ಅದಕ್ಕೇ ಮೂರು ತಿಂಗಳಾದರೂ ಬಿಡದೆ, ಮನೆಯ ಬೆಕ್ಕು ನಾಯಿಗಳಿಗೆಲ್ಲ ಅವವಕ್ಕೆ ತಕ್ಕ ಮದ್ದು ಆಗಬೇಕು. ಹಿಂದೆ ನೆಲ ಸಾರಿಸುವಾಗ ಮೂಲೆ ಮೂಲೆಗೂ ಕೈ ಹೋಗುತ್ತಿತ್ತು, ಈಗ ಮಾಪು ನಡುಮನೆಯಲ್ಲಿ ಒಂದು ಸುತ್ತು ಹಾಕಿ ಬರುತ್ತದೆ, ಸೋಫಾದ ಕೆಳಗೆ ಇಣುಕುವುದೇ ಇಲ್ಲ. ಬೆಕ್ಕು ಮಲಗುವ ಬಟ್ಟೆಯನ್ನು ಕುದಿನೀರಿಗೆ ಹಾಕಿ ಒಗೆದು ಬಿಸಿಲಿಗೆ ಹರಡಿ.

ಹುಳುಕಡ್ಡಿಯ ದಾರಿ ಬೇರೆ. ಹೆಸರಲ್ಲಿ ಹುಳು, ನಿಜಕ್ಕೆ ಬೂಷ್ಟು. ಕಿವಿ, ಮುಖ, ಮುಂಗಾಲಿನಲ್ಲಿ ದುಂಡಗೆ ಕೂದಲು ತುಂಡಾಗಿ ಹೊಟ್ಟು ಏಳುತ್ತದೆ, ತುರಿಕೆ ಅಷ್ಟಿರುವುದಿಲ್ಲ. ಎತ್ತಿಕೊಂಡವರ ತೋಳಿನಲ್ಲೂ ಉಂಗುರದಂತೆ ಕೆಂಪು ಕಲೆ ಎದ್ದರೆ ಅನುಮಾನ ಗಟ್ಟಿ. ಮೆಡಿಕಲ್ ಶಾಪಿನ ಸ್ಟೀರಾಯ್ಡ್ ಬೆರೆತ ಟ್ಯೂಬನ್ನು ಹಚ್ಚಿದರೆ ಕೆಂಪು ಇಳಿಯುತ್ತದೆ, ಬೂಷ್ಟು ಒಳಗೊಳಗೇ ಹರಡುತ್ತದೆ. ಉದುರಿದ ಕೂದಲನ್ನು ಪೊರಕೆಯಿಂದ ಗುಡಿಸಿ ಮನೆ ತುಂಬಾ ಹಾರಿಸಬೇಡಿ, ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯಿರಿ. ಆ ಕೂದಲಿಗಂಟಿದ ಬೀಜಕಣ ವರ್ಷ ದಾಟಿಯೂ ಬದುಕಿರುತ್ತದೆ. ಮದ್ದು ವಾರಗಟ್ಟಲೆ ಬೇಕು, ಕೂದಲು ಚಿಗುರಿತು ಅಂತ ಮಧ್ಯದಲ್ಲೇ ಬಿಟ್ಟರೆ ಮೊದಲಿನಿಂದ ಶುರು.

ಕಿವಿಯ ಅಂಚಿನಿಂದ ಶುರುವಾಗಿ ಮುಖಕ್ಕೆ ದಪ್ಪ ಬೂದು ಹಕ್ಕಳೆ ಕಟ್ಟಿ, ಬೆಕ್ಕು ರಕ್ತ ಬರುವಷ್ಟು ಕೆರೆದುಕೊಂಡರೆ ಅದು ಕಜ್ಜಿ, ತಡಮಾಡದೆ ತೋರಿಸಿ. ಕಿವಿಯೊಳಗೆ ಕಾಫಿ ಚರಟದಂಥ ಕಸ ತುಂಬಿದ್ದರೆ ಕಿವಿ ನುಸಿ, ಬಡ್ಸ್ ಹಾಕಿ ಒಳಕ್ಕೆ ದಬ್ಬಬೇಡಿ. ಗದ್ದದ ಮೇಲೆ ಕರಿ ಚುಕ್ಕೆಯಾದರೆ ಪ್ಲಾಸ್ಟಿಕ್ ಬಟ್ಟಲು ಬಿಟ್ಟು ಸ್ಟೀಲ್ ತಟ್ಟೆ ಇಡಿ, ದಿನವೂ ತೊಳೆಯಿರಿ, ಚುಕ್ಕೆಯನ್ನು ಹಿಸುಕಬೇಡಿ. ಕಚ್ಚಾಡಿ ಬಂದ ಮೇಲೆ ಬಿಸಿಯಾದ ಬಾವು ಎದ್ದರೆ ಒಳಗೆ ಕೀವು ಕಟ್ಟಿರುತ್ತದೆ, ಅದನ್ನು ವೈದ್ಯರೇ ಬಿಡಿಸಬೇಕು. ನೋವಿಗೆಂದು ಪ್ಯಾರಾಸಿಟಮಾಲ್ ಕೊಟ್ಟೀರಿ ಜೋಕೆ, ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಇನ್ನು ಬಿಳಿ ಬೆಕ್ಕಿನ ಕಿವಿತುದಿಯಲ್ಲಿ ಹುಣ್ಣು ವಾರಗಳಾದರೂ ಮಾಯದಿದ್ದರೆ ಬಿಸಿಲಿನಿಂದ ಬರುವ ಕ್ಯಾನ್ಸರ್ ಇರಬಹುದು, ತೋರಿಸಿ. ನಡುಮಧ್ಯಾಹ್ನ ಅಂಥ ಬೆಕ್ಕನ್ನು ತಾರಸಿಗೆ ಬಿಡಬೇಡಿ.