ಕರಗುವ ಗಡಿಯಾರದ ಚಿತ್ರ ಕೊಳ್ಳುತ್ತೀರಾ? ಮೊದಲು ಸ್ಕೇಲ್ ಹಿಡಿಯಿರಿ

ಸ್ಪೇನಿನ ಚಿತ್ರಕಾರ ಸಾಲ್ವಡಾರ್ ಡಾಲಿಯ ಕರಗುವ ಗಡಿಯಾರಗಳ ಚಿತ್ರ ಗೊತ್ತಲ್ವಾ? 1931ರ ‘ದಿ ಪರ್ಸಿಸ್ಟೆನ್ಸ್ ಆಫ್ ಮೆಮೊರಿ’. ಅದರ ಪ್ರಿಂಟ್ ಬೇಕು ಅಂದವರಿಗೆಲ್ಲ ನಾನು ಮೊದಲು ಅಳತೆ ಹೇಳುತ್ತೇನೆ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿರುವ ಮೂಲ ಚಿತ್ರ ಬರೀ 24.1 ಸೆಂ.ಮೀ. ಎತ್ತರ, 33 ಸೆಂ.ಮೀ. ಅಗಲ. ಎ4 ಹಾಳೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಸೋಫಾ ಮೇಲಿನ ಗೋಡೆ ತುಂಬಲು ನಾಲ್ಕಡಿ ಪ್ರಿಂಟ್ ಹಾಕಿಸಿದರೆ ಚಿತ್ರದ ಜೀವವೇ ಹೋಗುತ್ತದೆ. ಮೂಲದ ಅಳತೆಯಲ್ಲೇ ತಗೊಳ್ಳಿ. ನಮ್ಮ ಮನೆಯಲ್ಲಿ ಅದು ಊಟದ ಮೇಜಿನ ಪಕ್ಕದ ಸಣ್ಣ ಗೋಡೆಯಲ್ಲಿದೆ. ಬಂದವರು ಕನ್ನಡಕ ಸರಿಮಾಡಿಕೊಂಡು, ಹತ್ತಿರ ಹೋಗಿ ನೋಡುತ್ತಾರೆ. ಅದನ್ನು ನೋಡಬೇಕಾದದ್ದೇ ಹಾಗೆ.

ದೊಡ್ಡ ಗೋಡೆಗೇ ಬೇಕು ಅಂದರೆ ಬೆಲ್ಜಿಯಂನ ಚಿತ್ರಕಾರ ರೆನೆ ಮಾಗ್ರಿಟ್‌ನ ‘ಗೋಲ್ಕೊಂಡಾ’ (1953) ನೋಡಿ. ಅದರ ಮೂಲವೇ ಸುಮಾರು 80 × 100 ಸೆಂ.ಮೀ. ಇದೆ. ಹೆಸರು ಹೈದರಾಬಾದಿನ ಪಕ್ಕದ ಗೋಲ್ಕೊಂಡದ್ದೇ.

ಡಾಲಿಯ ಪ್ರಿಂಟ್ ಕೈಗೆ ಬಂದಾಗ ಎಡಗಡೆ ಕೆಳಗಿನ ಕಿತ್ತಳೆ ಗಡಿಯಾರ ನೋಡಿ. ಅದರ ಮೇಲೆ ಇರುವೆಗಳಿವೆ. ಪಕ್ಕದ ಗಡಿಯಾರದ ಮೇಲೊಂದು ನೊಣ. ಇರುವೆಗಳು ಬಿಡಿಬಿಡಿಯಾಗಿ ಕಾಣದೆ ಕಪ್ಪು ಮಸಿಯಾಗಿದ್ದರೆ ವಾಪಸ್ ಕೊಡಿ. ಕ್ಯಾನ್ವಾಸ್ ಮೇಲೆ ಅಚ್ಚು ಹಾಕಿಸಬೇಡಿ, ನೇಯ್ಗೆಯ ಗೆರೆಗಳಲ್ಲಿ ಇಂಥ ಸಣ್ಣ ಕೆಲಸ ಮುಳುಗಿಹೋಗುತ್ತದೆ. ಹೊಳಪಿಲ್ಲದ ಹತ್ತಿ ಕಾಗದ, ಬೇಗ ಮಾಸದ ಪಿಗ್ಮೆಂಟ್ ಇಂಕ್ ಕೇಳಿ. ಮೂಲದ ಅಳತೆ ಬಿಟ್ಟು ಎ4 ಹಾಳೆ ತುಂಬಿಸಲು ಹೋದರೆ ಚಿತ್ರದ ಮೇಲೆ ಕೆಳಗೆ ಕತ್ತರಿ ಬೀಳುತ್ತದೆ. ‘ಸುತ್ತ ಬಿಳಿ ಅಂಚು ಬಿಡಿ, ಚಿತ್ರ ಪೂರ್ತಿ ಇರಲಿ’ ಅಂತ ಮೊದಲೇ ಹೇಳಿ.

ಕಟ್ಟು ಹಾಕಿಸುವಾಗ ಎದುರಿಗೇ ನಿಂತು ಮಾಡಿಸಿ. ನಾನಿರುವುದು ಮಂಗಳೂರಿನಲ್ಲಿ. ಇಲ್ಲಿನ ಮಳೆಗಾಲದಲ್ಲಿ ಕಾಗದ ಗಾಜಿಗೆ ಅಂಟಿಕೊಂಡರೆ ಬಿಡಿಸುವುದು ಕಷ್ಟ. ಅದಕ್ಕೇ ಮಧ್ಯೆ ದಪ್ಪ ಮೌಂಟ್ (ಚಿತ್ರದ ಸುತ್ತ ಕೂರಿಸುವ ರಟ್ಟಿನ ಅಂಚು) ಬೇಕೇ ಬೇಕು, ಅದೂ ಆಮ್ಲವಿಲ್ಲದ ಬೋರ್ಡಿನದ್ದು. ಪ್ರಿಂಟಿನ ಬೆನ್ನಿಗೆಲ್ಲ ಗೋಂದು ಹಚ್ಚಲು ಬಿಡಬೇಡಿ. ಮೇಲಿನ ಅಂಚಿಗೆ ಮಾತ್ರ ಟೇಪ್ ಸಾಕು, ತೇವಕ್ಕೆ ಕಾಗದ ಹಿಗ್ಗಲು ಜಾಗ ಇರುತ್ತದೆ. ಹಿಂದೆ ಕೆಳಗಿನ ಎರಡು ಮೂಲೆಗೆ ರಬ್ಬರ್ ಬಿಲ್ಲೆ ಅಂಟಿಸಿದರೆ ಗೋಡೆಗೂ ಕಟ್ಟಿಗೂ ನಡುವೆ ಗಾಳಿ ಆಡುತ್ತದೆ. ನೇರ ಬಿಸಿಲು ಬೀಳುವ ಗೋಡೆ ಬೇಡ.

‘ಡಾಲಿಯದೇ ಸಹಿ ಇದೆ, ಸರ್ಟಿಫಿಕೇಟ್ ಇದೆ’ ಅಂತ ಯಾರಾದರೂ ಜಾಸ್ತಿ ದುಡ್ಡು ಕೇಳಿದರೆ ಸುಮ್ನೆ ಮುಂದೆ ಹೋಗಿ. ಡಾಲಿ ಖಾಲಿ ಹಾಳೆಗಳ ಮೇಲೆ ರಾಶಿರಾಶಿ ಸಹಿ ಹಾಕಿಕೊಟ್ಟಿದ್ದ. ಹಾಗಾಗಿ ಆ ಹೆಸರಿನ ಪ್ರಿಂಟುಗಳಲ್ಲಿ ನಕಲಿ ತುಂಬಾ ಇವೆ. ಆ ದುಡ್ಡಿಗೆ ಪ್ರತಿಫಲನ ಬಾರದ ಒಳ್ಳೆಯ ಗಾಜು ಹಾಕಿಸಿ.