ನೆಲಮನೆ ರಿಪೇರಿ: ಗೌಂಡಿ ಬರುವ ಮುಂಚೆ ಮಾಡಿಕೊಂಡದ್ದು

ಕಲಬುರಗಿಯ ಹಳೇ ಮನೆಯ ನೆಲಮನೆಯನ್ನು, ಅಂದರೆ ನೆಲದಡಿಯ ಕೋಣೆಯನ್ನು, ದವಸ-ಸಾಮಾನಿನ ಕೋಣೆ ಮಾಡಬೇಕಿತ್ತು. ಒಂದು ಮಳೆಗಾಲ ಮುಗಿಯುವ ತನಕ ಯಾವ ಕೆಲಸಕ್ಕೂ ಕೈ ಹಚ್ಚಲಿಲ್ಲ. ಇಲ್ಲಿಯ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಏಪ್ರಿಲ್‌ನಲ್ಲಿ ಗಟ್ಟಿಯಾಗಿ ಕಾಣುವ ಗೋಡೆಯ ನಿಜಸ್ಥಿತಿ ತಿಳಿಯುವುದು ಸೆಪ್ಟೆಂಬರ್ ಮಳೆಗೆ.

ಪ್ರತಿ ಬಿರುಕಿನ ತುದಿಗೆ ಪೆನ್ಸಿಲ್ ಗೆರೆ ಎಳೆದು, ಅಗಲ ಅಳೆದು, ತಾರೀಖು ಬರೆದಿಟ್ಟೆ. ಗೋಡೆಯ ನಡುಮಟ್ಟದಲ್ಲಿ ಅಡ್ಡ ಬಿರುಕು ಬಿದ್ದರೆ ಸಾಮಾನ್ಯವಾಗಿ ಹೊರಗಿನ ಮಣ್ಣು ಒಳಕ್ಕೆ ನೂಕುತ್ತಿದೆ ಎಂದರ್ಥ. ಓರೆ ಬಿರುಕಾದರೆ ಪಾಯ ಒಂದು ಕಡೆ ಕುಸಿದಿರಬಹುದು. ಗೆರೆ ದಾಟಿ ಬೆಳೆಯುವ ಬಿರುಕನ್ನು ಪುಟ್ಟಿ ಮೆತ್ತಿ ಮುಚ್ಚಬಾರದು, ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸಬೇಕು.

ತೇವ ಎಲ್ಲಿಂದ ಬರುತ್ತದೆ ಎಂದು ನೋಡಲು 2 ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ, ನೆಲಕ್ಕೆ ಹಚ್ಚಿ ನಾಲ್ಕೂ ಅಂಚಿಗೆ ಟೇಪ್ ಹಾಕಿ 48 ತಾಸು ಬಿಟ್ಟೆ. ಹಾಳೆಯ ಹಿಂದೆ ಹನಿ ಕಟ್ಟಿದರೆ ನೀರು ಮಣ್ಣಿನದು, ಮುಂದೆ ಕಟ್ಟಿದರೆ ಕೋಣೆಯ ಗಾಳಿಯದು. ಇದನ್ನು ತಿಳಿಯದೆ ವಾಟರ್‌ಪ್ರೂಫಿಂಗ್‌ಗೆ ಕೊಟೇಶನ್ ತರಿಸುವುದೇ ವ್ಯರ್ಥ.

ಮಣ್ಣಿನ ನೀರಿಗೆ ಮದ್ದು ಹೊರಗಿದೆ. ಮೊದಲ ಖರ್ಚು ಅಲ್ಲಿಗೇ: ಗೋಡೆಗುಂಟ 3 ಅಡಿ ಅಗಲ ಫರಸಿ (ಚಪ್ಪಡಿ ಕಲ್ಲು) ಹಾಸು, ಅಡಿಗೆ ಅರ್ಧ ಇಂಚು ಹೊರಕ್ಕೆ ಇಳಿಜಾರು, ಮಾಳಿಗೆಯ ನೀರಿನ ಪೈಪು 6 ಅಡಿ ಆಚೆಗೆ. ಗೋಡೆ ಬುಡದಲ್ಲಿ ಹೂಗಿಡಕ್ಕೆ ನೀರು ಹಾಕುವುದೂ ನಿಲ್ಲಬೇಕು.

ಒಳಗಿನದು ಗಚ್ಚಿನ (ಸುಣ್ಣದ ಗಾರೆಯ) ಕಲ್ಲುಗೋಡೆ. ಇದಕ್ಕೆ ಸಿಮೆಂಟ್ ಗಿಲಾವು ಮಾಡಿ ಪೇಂಟ್ ಬಳಿದರೆ ತೇವ ಹೊರಬರಲು ದಾರಿಯಿಲ್ಲದೆ ಹಿಂದೆಯೇ ನಿಲ್ಲುತ್ತದೆ, ಉಪ್ಪು ಹರಳುಗಟ್ಟಿ ಗಿಲಾವನ್ನು ಒದ್ದು ಕೆಡವುತ್ತದೆ. ಹಾಗಾಗಿ ತೇವ ಹೊರಬಿಡುವ ಸುಣ್ಣದ ಗಿಲಾವೇ ಬೇಕು, ಗೌಂಡಿ ಬೇಸರಪಟ್ಟರೂ ಪಟ್ಟು ಬಿಡಬಾರದು. ನೆಲದ ಫರಸಿ ಮೇಲಿನ ಬಿಳಿ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆದೆ. ಈ ಫರಸಿ ಶಹಾಬಾದ್ ಕಲ್ಲು, ಅಂದರೆ ಸುಣ್ಣಕಲ್ಲು. ಆಸಿಡ್ ಸುರಿದರೆ ಕಲ್ಲೇ ಕರಗುತ್ತದೆ.

ನೆಲಮನೆಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಕೇಳುವ ಕನಿಷ್ಠ ಎತ್ತರ 2.4 ಮೀಟರ್. ಕಮ್ಮಿ ಬಿದ್ದರೆ ನೆಲ ಅಗೆಯುವ ಮನಸ್ಸಾಗುತ್ತದೆ. ಪಾಯದ ತಳ ಎಷ್ಟು ಆಳದಲ್ಲಿದೆ ಎಂದು ಇಂಜಿನಿಯರ್ ಪರೀಕ್ಷಾ ಗುಂಡಿ ತೆಗೆಸಿ ನೋಡುವ ತನಕ ಗುದ್ದಲಿ ಮುಟ್ಟಬಾರದು. ಪಾಯದ ಪಕ್ಕದ ಮಣ್ಣು ಹೋದರೆ ಇಡೀ ಗೋಡೆ ಜಾರುತ್ತದೆ. ಮಲಗುವ ಕೋಣೆಯ ಯೋಚನೆಯಿದ್ದರೆ ಮಹಾನಗರ ಪಾಲಿಕೆಯಲ್ಲಿ ಮೊದಲು ವಿಚಾರಿಸಿ. ಸಂಹಿತೆ ನೆಲಮನೆಯನ್ನು ವಾಸಕ್ಕೆಂದು ಎಣಿಸುವುದಿಲ್ಲ.

ಗಾಳಿಯ ಲೆಕ್ಕ ಸುಲಭ. 12×14×8 ಅಡಿ ಕೋಣೆ ಎಂದರೆ 38 ಘನ ಮೀಟರ್. ತಾಸಿಗೆ 6 ಸಲ ಗಾಳಿ ಬದಲಾಗಲು 228 ಘನ ಮೀಟರ್ ಎಳೆಯುವ ಫ್ಯಾನ್ ಬೇಕು. ಜಾಲರಿ, ಪೈಪು ತಡೆಯುವುದರಿಂದ ಒಂದು ಅಳತೆ ದೊಡ್ಡದೇ ಇರಲಿ. ಫ್ಯಾನ್ ಮೇಲೆ, ಗಾಳಿ ಒಳಬರುವ ಕಿಂಡಿ ಎದುರು ಗೋಡೆಯಲ್ಲಿ ಕೆಳಗೆ. ಮಳೆಗಾಲದ ಹಗಲಲ್ಲಿ ಓಡಿಸಿದರೆ ಹೊರಗಿನ ಹಸಿ ಗಾಳಿ ತಣ್ಣನೆ ಕಲ್ಲಿಗೆ ತಾಗಿ ಗೋಡೆ ಬೆವರುತ್ತದೆ.

ವೈರಿಂಗ್‌ಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್), ಸಾಕೆಟ್ ನೆಲದಿಂದ 3 ಅಡಿ ಮೇಲೆ. ಗ್ಯಾಸ್ ಸಿಲಿಂಡರ್ ಖಾಲಿಯಿದ್ದರೂ ಕೆಳಗೆ ಇಡಬಾರದು: ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಅಲ್ಲೇ ತುಂಬಿ ನಿಲ್ಲುತ್ತದೆ. ಜನರೇಟರಂತೂ ಬೇಡವೇ ಬೇಡ, ಅದರ ಹೊಗೆ ಜೀವ ತೆಗೆಯುತ್ತದೆ. ತೊಗರಿ ಚೀಲಗಳಿಗೆ ಮರದ ಮಣೆ ಹಾಕಿ, ಗೋಡೆಯಿಂದ 2 ಅಡಿ ಬಿಟ್ಟು ಜೋಡಿಸುವಂತೆ ನಕ್ಷೆಯಲ್ಲೇ ಜಾಗ ತೆಗೆದಿಟ್ಟೆ.