ಡಿಸ್ಕ್ ಸರಿಯಿತ್ತು, ಪ್ರದೇಶ ಬೇರೆಯಿತ್ತು

ಆನ್‌ಲೈನ್‌ನಲ್ಲಿ ತರಿಸಿಕೊಂಡ ಪ್ಲೇಸ್ಟೇಷನ್ 4ರ ಆಟ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಅದಕ್ಕೆಂದು ಬೇರೆಯಾಗಿ ಹಣ ಕೊಟ್ಟು ಡೌನ್‌ಲೋಡ್ ಮಾಡಿಕೊಂಡ ಹೆಚ್ಚುವರಿ ಅಧ್ಯಾಯ ಮಾತ್ರ ಮೆನುವಿನಲ್ಲಿ ಕಾಣಿಸಲೇ ಇಲ್ಲ. ಅದನ್ನು ಅಳಿಸಿ ಮತ್ತೆ ಇಳಿಸಿಕೊಂಡೆ, ಲೈಸೆನ್ಸ್‌ಗಳನ್ನು ಮರುಸ್ಥಾಪಿಸಿದೆ, ಯಾವುದರಿಂದಲೂ ಫಲವಾಗಲಿಲ್ಲ.

ಕಾರಣ ಸಿಕ್ಕಿದ್ದು ಡಿಸ್ಕ್ ಪೆಟ್ಟಿಗೆಯ ಬೆನ್ನಿನ ಮೇಲೆ. ಅಲ್ಲಿ ಸಣ್ಣ ಅಕ್ಷರಗಳಲ್ಲಿ ‘ಸಿಯುಎಸ್‌ಎ’ ಎಂದು ಆರಂಭವಾಗಿ 5 ಅಂಕಿಗಳಲ್ಲಿ ಮುಗಿಯುವ ಸಂಕೇತವಿರುತ್ತದೆ. ಅದನ್ನು ಮಾರಾಟಗಾರರ ಪುಟದ ಚಿತ್ರವನ್ನು ದೊಡ್ಡದು ಮಾಡಿ ಹೋಲಿಸಿದಾಗ, ಅವರು ತೋರಿಸಿದ್ದು ಜಗತ್ತಿನ ಒಂದು ಪ್ರದೇಶದಲ್ಲಿ ಮಾರುವ ಆವೃತ್ತಿ, ಕಳುಹಿಸಿದ್ದು ಇನ್ನೊಂದರದು ಎಂಬುದು ಸ್ಪಷ್ಟವಾಯಿತು. ಈ ಕನ್ಸೋಲ್‌ನಲ್ಲಿ ಯಾವ ಪ್ರದೇಶದ ಆಟದ ಡಿಸ್ಕ್ ಹಾಕಿದರೂ ಸಾಮಾನ್ಯವಾಗಿ ನಡೆಯುವುದರಿಂದ ನನಗೆ ಸಂಶಯವೇ ಬಂದಿರಲಿಲ್ಲ. ಹೆಚ್ಚುವರಿ ಅಧ್ಯಾಯಕ್ಕೆ ಮಾತ್ರ, ಅದನ್ನು ಕೊಂಡ ಪ್ಲೇಸ್ಟೇಷನ್ ಖಾತೆಯ ಪ್ರದೇಶವೂ ಡಿಸ್ಕ್‌ನ ಪ್ರದೇಶವೂ ಹೊಂದಿಕೆಯಾಗಬೇಕು. ಖಾತೆಯ ದೇಶವನ್ನು ಆಮೇಲೆ ಬದಲಾಯಿಸಲು ಬರುವುದಿಲ್ಲವಾದ್ದರಿಂದ ಡಿಸ್ಕನ್ನೇ ಬದಲಿಸಬೇಕಾಯಿತು.

‘ಇಷ್ಟವಾಗಲಿಲ್ಲ’ ಎಂಬ ಕಾರಣ ಕೊಟ್ಟಿದ್ದರೆ, ಸೀಲ್ ಒಡೆದ ಆಟವನ್ನು ಅವರು ಹಿಂದಕ್ಕೆ ಪಡೆಯುತ್ತಿರಲಿಲ್ಲವೆಂದೇ ನನ್ನ ಭಾವನೆ. ಆದ್ದರಿಂದ ‘ತೋರಿಸಿದ ವಸ್ತು ಬಂದಿಲ್ಲ’ ಎಂಬುದನ್ನು ಆರಿಸಿ, ಎರಡೂ ಸಂಕೇತಗಳ ಫೋಟೊಗಳನ್ನು ಅಕ್ಕಪಕ್ಕದಲ್ಲಿಟ್ಟು ಕಳುಹಿಸಿದೆ. ಬದಲಿ ಡಿಸ್ಕ್ ಬಂದು, ಮೊದಲೇ ಕೊಂಡಿದ್ದ ಅಧ್ಯಾಯ ಕೂಡಲೇ ತೆರೆದುಕೊಂಡಿತು. ಹಳೆಯ ಆವೃತ್ತಿಯ ಸೇವ್, ಅಂದರೆ ಅಲ್ಲಿಯವರೆಗೆ ಆಡಿದ್ದರ ದಾಖಲೆ, ಇದರಲ್ಲಿ ಸಿಗಲಿಲ್ಲ. ಆಟವನ್ನು ಮೊದಲಿನಿಂದ ಆಡುತ್ತಿದ್ದೇನೆ.